ಮೆಳೆ ಇರುವ ತನಕ

ನಮ್ಮ ಲಾಡ್ಜಿಗೆ ಬರುವವರು ಕಾರಿನಿಂದ ಇಳಿದ ಕೂಡಲೇ ತಲೆಯೆತ್ತಿ ನೋಡುತ್ತಿದ್ದದ್ದು ಆ ಬಿದಿರು ಮೆಳೆಯನ್ನೇ. "ಇಷ್ಟು ದೊಡ್ಡದು ತಾನಾಗೇ ಬೆಳೆದಿದ್ದಾ?" ಎಂದು ಕೇಳುವರು. ರಿಸೆಪ್ಷನ್ನಿನಲ್ಲಿದ್ದವರು "ಹೌದು ಸರ್, ನ್ಯಾಚುರಲ್ಲು" ಅನ್ನುವರು. ಅಡುಗೆಮನೆ ಕಿಟಕಿಯಿಂದ ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ತಾನಾಗೇ ಬೆಳೆಯಿತಂತೆ, ತಾನಾಗೇ! ನಮ್ಮತ್ತೆಯ ಅವ್ವ ಮದುವೆಯಾಗಿ ನಂದಗುಡಿ ಕಡೆಯಿಂದ ಬರುವಾಗ ಒದ್ದೆ ಗೋಣಿಚೀಲದಲ್ಲಿ ಗೆಡ್ಡೆ ಸುತ್ತಿ, ಮಂಕರಿಯಲ್ಲಿಟ್ಟು, ತಲೆ ಮೇಲೆ ಹೊತ್ತು ತಂದು ನೆಟ್ಟಿದ್ದು ಅದು. ದಾರಿಯುದ್ದಕ್ಕೂ ಸಿಕ್ಕ ಕೆರೆ ಕುಂಟೆಯಲ್ಲೆಲ್ಲ ನೀರು ಚಿಮುಕಿಸಿಕೊಂಡು ಬಂದಳಂತೆ. ಮದುಮಗಳು ಸೀರೆಯೆಲ್ಲ ಕೆಸರು ಮಾಡಿಕೊಂಡು ಬಂದಿದ್ದಾಳೆ ಎಂದು ಊರವರು ನಕ್ಕರಂತೆ.

ನಾನು ಶಿಲ್ಪ. ಇಲ್ಲಿ ಹೇಳಹೊರಟಿರುವುದು ನಮ್ಮತ್ತೆ ಸಪ್ಪಲಮ್ಮನ ವಿಷಯ. ಸೊಸೆಯ ಬಾಯಲ್ಲಿ ಅತ್ತೆಯ ಸುದ್ದಿ ಎಂದರೆ ನೀವು ಏನನ್ನು ನಿರೀಕ್ಷಿಸುತ್ತೀರೋ ಅದೂ ಸ್ವಲ್ಪ ಇರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಆ ಹೆಂಗಸಿನ ಮೇಲೆ ನನಗೆ ಎಷ್ಟು ಸಿಟ್ಟಿದೆಯೋ ಅಷ್ಟು ಸಿಟ್ಟು ನನ್ನ ಗಂಡನ ಮೇಲೂ ಇಲ್ಲ.

ದೇವನಹಳ್ಳಿಯಿಂದ ಹೊರಟು, ನಲ್ಲೂರಿನ ಹುಣಸೆ ತೋಪು ದಾಟಿ ಒಳಗೆ ಬಂದರೆ ನಮ್ಮೂರು. ಅತ್ತೆಯ ತಾಯಿ ತಂದೆಗೆ ಒಂದು ಗೇಣು ಭೂಮಿ ಇರಲಿಲ್ಲ. ವೆಂಕಟರಾಯಪ್ಪ ಗೌಡರ ತೋಟದಲ್ಲಿ ಕೆಲಸ, ತೋಟದ ಬದುವಿನಲ್ಲೇ ಗುಡಿಸಲು. ಆ ಬದುವಿನಲ್ಲಿ ಗೆಡ್ಡೆ ಊರಿದರು, ಅದು ಮೆಳೆಯಾಯಿತು. ಮೆಳೆಯ ನೆರಳಲ್ಲೇ ಅತ್ತೆ ಹುಟ್ಟಿದ್ದು, ಅದರ ಗಳ ಊರಿದ ಚಪ್ಪರದಲ್ಲೇ ಅವರ ಮದುವೆ ಆಗಿದ್ದು. ಅಣ್ಣತಮ್ಮಂದಿರು ಇರಲಿಲ್ಲವಾದ್ದರಿಂದ ಗಂಡನೇ ಮನೆಅಳಿಯನಾಗಿ ಬಂದರು. ಹಾಗಾಗಿ ಅತ್ತೆ ಹುಟ್ಟಿದಲ್ಲಿಂದ ಅಲ್ಲಾಡಲಿಲ್ಲ.

ಆ ವಂಶದಲ್ಲಿ ಒಂದು ಪದ್ಧತಿ. ಬೇರೆಯವರು ಹೆಣ್ಣುಮಕ್ಕಳನ್ನು ಗಂಡನ ಮನೆಗೆ ಕಳಿಸುವಾಗ ಪಾತ್ರೆ ಪಡಗ ಕೊಟ್ಟರೆ ಇವರು ಅದರ ಜೊತೆ ಬಿದಿರಿನ ಗೆಡ್ಡೆಯೊಂದನ್ನು ಕೊಡಬೇಕು. ಮೆಳೆಯ ಬುಡದಿಂದ ಮರಿಯನ್ನು ಗೆಡ್ಡೆ ಸಮೇತ ಕಿತ್ತು ಕೊಡುವುದು. ಬೀಜ ಗೀಜ ಯಾರಿಗೂ ಗೊತ್ತಿಲ್ಲ. ಅತ್ತೆಯ ತಂಗಿ ಬೈರಮ್ಮ ಇಲ್ಲೇ ಹತ್ತಿರದ ವಿಜಯಪುರಕ್ಕೆ ಮದುವೆಯಾಗಿ ಹೋದಾಗ ಅವರೂ ಒಂದು ಗೆಡ್ಡೆ ತಗೊಂಡು ಹೋದರು, ಹಿತ್ತಲಲ್ಲಿ ನೆಟ್ಟರು. ಯಾಕೆ ಹೀಗೆ ಎಂದು ನಾನೊಮ್ಮೆ ಕೇಳಿದ್ದಕ್ಕೆ ಅತ್ತೆ ಹೇಳಿದ್ದು, "ಒಂದು ಕಡೆದು ಬೆಂಕಿಗೋ ಹುಳಕ್ಕೋ ಹೋದ್ರೆ ಇನ್ನೊಂದು ಕಡೆಯಿಂದ ತರಬೋದಲ್ಲ. ಅಕ್ಕತಂಗೀರ ಮನೇಲಿ ಒಲೆ ಕೆಂಡ ಇದ್ದಂಗೆ."

ಅವರು ಮೇದರಲ್ಲ, ಆದರೆ ಮೆಳೆ ಮನೆ ಮುಂದಿತ್ತಾದ್ದರಿಂದ ಕೆಲಸ ಕೈಗೆ ಬಂತು. ರೇಷ್ಮೆಹುಳ ಗೂಡು ಕಟ್ಟುವ ಚಂದ್ರಿಕೆ ಹೆಣೆದು ವಿಜಯಪುರದ ಕಡೆಗೆಲ್ಲ ಕಳಿಸುತ್ತಿದ್ದರು. ಪ್ಲಾಸ್ಟಿಕ್ಕಿನದು ಬಂದ ಮೇಲೆ ಅದೂ ನಿಂತಿತು. ಆಮೇಲೆ ಕುಕ್ಕೆ, ತಡಿಕೆ, ಏಣಿ. ಗಳ ಕಡಿಯುವ ಮುಂಚೆ ಅತ್ತೆ ಬೆರಳಿನ ಗೆಣ್ಣಿನಿಂದ ಅದನ್ನು ತಟ್ಟುವರು, ಬಾಗಿಲು ತಟ್ಟುವ ಹಾಗೆ. ಶಬ್ದ ಕೇಳಿ "ಇದಿನ್ನೂ ಎಳೇದು" ಎಂದು ಬಿಟ್ಟು ಪಕ್ಕದ್ದನ್ನು ತಟ್ಟುವರು. ನಾನು ಹೊಸದಾಗಿ ಬಂದಾಗ ಅದನ್ನು ನೋಡಿ, "ಒಳಗಡೆಯಿಂದ ಯಾರಾದ್ರೂ ಬಾಗಿಲು ತೆಗೀತಾರಾ ಅತ್ತೆ?" ಎಂದು ರೇಗಿಸಿದ್ದೆ. ಒಂದು ವಾರ ಮಾತು ಬಿಟ್ಟಿದ್ದರು.

ಈಗ ನನ್ನ ಸಿಟ್ಟಿನ ವಿಷಯಕ್ಕೆ ಬರುತ್ತೇನೆ.

ಏರ್‌ಪೋರ್ಟು ಬಂದ ಮೇಲೆ ನಮ್ಮ ಕಡೆ ಭೂಮಿಗೆ ರೆಕ್ಕೆ ಹುಟ್ಟಿತು. ವೆಂಕಟರಾಯಪ್ಪ ಗೌಡರಿಗೆ ವಯಸ್ಸಾಗಿತ್ತು, ತೋಟವನ್ನು ಮಗ ಕೆಂಪರಾಜುಗೆ ಒಪ್ಪಿಸಿ ಕೈತೊಳೆದುಕೊಳ್ಳುವ ಯೋಚನೆಯಲ್ಲಿದ್ದರು. ಒಳ್ಳೆಯ ಮನುಷ್ಯ, ಅದನ್ನು ಇಲ್ಲ ಅನ್ನಬಾರದು. ಪಂಪ್‌ಹೌಸಿನ ಕಟ್ಟೆ ಮೇಲೆ ಕೂತು ಅತ್ತೆಯನ್ನು ಕರೆಸಿದರು. ನಾನು ಹೊಸ ಸೊಸೆ, ಅತ್ತೆಯ ಹಿಂದೆ ಸೆರಗು ಹೊದ್ದು ನಿಂತಿದ್ದೆ. ನನ್ನ ಗಂಡ ಸಿದ್ದರಾಜುನೂ ಇದ್ದ.

"ಸಪ್ಪಲಮ್ಮ, ನಿಮ್ಮಪ್ಪನ ಕಾಲದಿಂದ ಇಲ್ಲಿ ದುಡಿದಿದ್ದೀರ. ಬರಿಗೈಲಿ ಕಳಿಸಿದ್ರೆ ನಂಗೆ ಒಳ್ಳೇದಾಗಲ್ಲ. ಊರ ಮುಂದೆ ಒಂದು ಸೈಟು ಬರ್ಕೊಡ್ಲಾ? ಇಲ್ಲ, ಇಲ್ಲೇ ಮೆಳೆ ಕೆಳಗೇ ಇರ್ತೀರಾ? ಮೆಳೆ ಇರೋವರ್ಗೂ ನಿಮ್ಮನ್ನ ಯಾರೂ ಎಬ್ಬಿಸದಂಗೆ ಮಾತು ಕೊಡ್ತೀನಿ. ಎರಡ್ರಲ್ಲಿ ಒಂದು ಕೇಳು."

ಸೈಟು ಅನ್ನಿ ಅತ್ತೆ, ಸೈಟು ಅನ್ನಿ ಎಂದು ಮನಸ್ಸಿನಲ್ಲೇ ಕೂಗಿದೆ. ಈ ಮಹಾತಾಯಿ ಒಂದು ಗಳಿಗೆಯೂ ಯೋಚಿಸದೆ, "ಮೆಳೆ ಕೆಳಗೇ ಇರ್ತೀವಿ ಗೌಡ್ರೇ" ಅಂದುಬಿಟ್ಟರು.

ಗೌಡರು ಮಗನನ್ನು ಕರೆದು ಒಂದು ಗಳದ ಮೇಲೆ ಕೈಯಿಡಿಸಿದರು. "ಮೆಳೆ ಇರೋವರ್ಗೂ ಇವರನ್ನ ಎಬ್ಬಿಸಲ್ಲ ಅಂತ ಮುಟ್ಟಿ ಹೇಳಪ್ಪ." ಕೆಂಪರಾಜು ಮುಟ್ಟಿ ಹೇಳಿದರು.

ಅವತ್ತು ಮನೆಯಲ್ಲಿ ನಾನು ಪಾತ್ರೆಗಳನ್ನೆಲ್ಲ ಕುಕ್ಕಿದ್ದೇ ಕುಕ್ಕಿದ್ದು. ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟೆ. "ಸೈಟು ಅಂದ್ರೆ ಮಕ್ಕಳ ಕಾಲಕ್ಕೂ ಇರುತ್ತೆ ಅತ್ತೆ. ಗಿಡ ನಂಬ್ಕೊಂಡು ಯಾರಾದ್ರೂ ಸೈಟು ಬಿಡ್ತಾರಾ?"

"ಸೈಟು ಇರ್ತದಾ?" ಎಂದರು ಅತ್ತೆ, ಸೀಳುತ್ತಿದ್ದ ಬಿದಿರಿನಿಂದ ಕಣ್ಣೆತ್ತದೆ. "ರಾಮಾಂಜಿನಪ್ಪನ ಸೈಟು ರೋಡಿಗೆ ಹೋಯ್ತು. ಮುನಿಶಾಮಪ್ಪಂದು ಮಕ್ಕಳು ಮಾರ್ಕಂಡು ತಿಂದ್ರು. ಮೆಳೆ ಎಲ್ಲಿಗೆ ಹೋಗ್ತದೆ? ನಮ್ಮವ್ವನೂ ಹೋದ್ಲು, ಅಪ್ಪನೂ ಹೋದ, ನಿಮ್ಮ ಮಾವನೂ ಹೋದ್ರು. ಮೆಳೆ ಒಂದು ದಿನ ನೆಗಡಿ ಅಂತ ಮಲಗಿದ್ದು ನೀನು ನೋಡಿದ್ದೀಯಾ? ಇದಕ್ಕೆ ಸಾವಿಲ್ಲ ಕಣೇ. ಕಡಿದಷ್ಟೂ ಬರ್ತದೆ."

ಬಿದಿರಿನ ಜೊತೆ ಬದುಕಿದವರು ಮಾತ್ರ ಮಾಡುವ ತಪ್ಪು ಅದು. ಬೇರೆ ಯಾರಾದರೂ ಆಗಿದ್ದರೆ ಸೈಟು ಕೇಳುತ್ತಿದ್ದರು. ಸಾಯದೇ ಇರುವುದನ್ನು ಅಷ್ಟು ವರ್ಷ ಕಣ್ಣೆದುರು ನೋಡಿದ್ದರಿಂದಲೇ ಅವರು ಮೆಳೆ ಕೇಳಿದರು.

ಗೌಡರು ತೀರಿಕೊಂಡ ಮೇಲೆ ಕೆಂಪರಾಜು ತೋಟದಲ್ಲಿ ಲಾಡ್ಜು ಕಟ್ಟಿದರು. ಅವರ ಮಗಳು ಸಿಂಚನ ಆರ್ಕಿಟೆಕ್ಟ್ ಓದಿದವಳು, ಎಲ್ಲವೂ ಬಿದಿರಿನಲ್ಲೇ ಆಗಬೇಕು ಎಂದು ಪಟ್ಟು ಹಿಡಿದಳು. ಕಾಟೇಜುಗಳ ಕಂಬ ಬಿದಿರು, ಗೋಡೆ ತಡಿಕೆ ಮೇಲೆ ಮಣ್ಣು, ಊಟದ ಹಾಲಿನ ಮಾಡು ಬುಟ್ಟಿ ಮಗುಚಿದ ಹಾಗೆ. ಬಿದಿರಿಗೆ ಔಷಧಿ ಕುಡಿಸಲು ತೊಟ್ಟಿ ಕಟ್ಟಿಸಿದಳು. ಗಳಗಳನ್ನು ಅದರಲ್ಲಿ ನೆನೆಹಾಕಿದರೆ ಹುಳ ಬೀಳುವುದಿಲ್ಲ ಎಂದು ಅತ್ತೆಗೆ ತೋರಿಸಿಕೊಟ್ಟಳು, ಅತ್ತೆ ಅದನ್ನು ಕಲಿತರು. ಹಗ್ಗದ ಕಟ್ಟು, ಗಿಣ್ಣಿನ ಹತ್ತಿರ ತೂತು, ಒಳಗೆ ಬೋಲ್ಟು ಎಲ್ಲ ಸಿದ್ದರಾಜು ಕಲಿತ. ದೊಡ್ಡ ಹಾಲಿಗೆ ಲಾರಿಯಲ್ಲಿ ಹೊರಗಿನಿಂದ ಬಿದಿರು ಬಂತು. ಮಿಕ್ಕ ಕಾಟೇಜುಗಳೆಲ್ಲ ನಮ್ಮ ಮೆಳೆಯವೇ. ಲಾಡ್ಜಿಗೆ ಹೆಸರೂ 'ಮೆಳೆಮನೆ' ಎಂದೇ ಇಟ್ಟರು. ಆ ದಿನಗಳಲ್ಲಿ ಅತ್ತೆಯ ನಡಿಗೆಯೇ ಬೇರೆಯಾಗಿತ್ತು. "ನೋಡಿದೇನೇ, ಸೈಟಂತೆ ಸೈಟು" ಎಂದು ನನ್ನನ್ನು ದಿನಕ್ಕೊಮ್ಮೆ ಚುಚ್ಚುವರು.

ನನಗೆ ಅಡುಗೆಮನೆಯಲ್ಲಿ ಕೆಲಸ, ಸಿದ್ದರಾಜುಗೆ ರಿಪೇರಿ ಕೆಲಸ. ನಮ್ಮ ಗುಡಿಸಲು ಇದ್ದಲ್ಲೇ ಉಳಿಯಿತು. ಗೆಸ್ಟುಗಳು ಬಂದು ಬಾಗಿಲಲ್ಲಿ ಇಣುಕಿ, ಅತ್ತೆ ಮುದ್ದೆ ತೊಳಸುವುದನ್ನು ವಿಡಿಯೋ ಮಾಡುವರು. ನಾನು ಬಾಗಿಲು ಹಾಕಿಕೊಂಡರೆ ಅತ್ತೆ ತೆಗೆಯುವರು. ಪಾಪ, ಅವರಿಗೆ ಅದರಲ್ಲಿ ಏನೋ ಖುಷಿ.

ಕಳೆದ ವರ್ಷ ಸಂಕ್ರಾಂತಿ ಆದ ಮೇಲೆ ಮೆಳೆಯ ಎಲೆ ಉದುರಿತು. ಪ್ರತಿ ವರ್ಷ ಉದುರುವುದೇ. ಆದರೆ ಈ ಸಲ ಚಿಗುರಲಿಲ್ಲ. ನಾನು ಬೆಳಗಿನ ಕಾಫಿಗೆ ಹಾಲು ತರಲು ಹೊರಟರೆ ಅತ್ತೆ ಆಗಲೇ ಮೆಳೆಯ ಬುಡದಲ್ಲಿ ಪೊರಕೆ ಹಿಡಿದು ಗುಡಿಸುತ್ತಿದ್ದರು. ಮಾರನೆಯ ದಿನವೂ ಹಾಗೇ, ಅದರ ಮರುದಿನವೂ ಹಾಗೇ. ಗೆಸ್ಟುಗಳು ಏಳುವ ಮುಂಚೆ ಗುಡಿಸಿ, ಕಸವನ್ನು ಮಂಕರಿಯಲ್ಲಿ ಹೊತ್ತು ತಿಪ್ಪೆಗೆ ಹಾಕಿ ಬರುವರು.

"ಗುಡಿಸೋಕೆ ಜನ ಇದ್ದಾರಲ್ಲತ್ತೆ, ನಿಮಗ್ಯಾಕೆ ಈ ಉಸಾಬರಿ?" ಎಂದೆ.

"ಮೆಲ್ಲಕೆ ಮಾತಾಡೇ."

"ಯಾಕೆ, ಯಾರ ಮನೆ ಮುಳುಗಿತು?"

ಅತ್ತೆ ಮಂಕರಿಯಿಂದ ಒಂದು ಹಿಡಿ ತೆಗೆದು ತೋರಿಸಿದರು. ಭತ್ತದ ಹೊಟ್ಟಿನಂಥದ್ದು, ಒಣಗಿದ್ದು. ತಲೆಯೆತ್ತಿ ನೋಡಿದೆ. ಗಿಣ್ಣು ಗಿಣ್ಣಿಗೂ ಮಂಕು ಬಣ್ಣದ ಗೊಂಚಲು ತೂಗುತ್ತಿತ್ತು. "ಹೂ ಬಿಟ್ಟೈತೆ ಕಣೇ" ಎಂದರು.

ನಾನು ರಾಗಿ ಹೊಲದ ಮನೆಯವಳು, ನನಗೇನು ಗೊತ್ತು? "ಹೂ ಬಿಟ್ರೆ ಒಳ್ಳೇದಲ್ವಾ?" ಎಂದೆ.

"ಬಿದಿರು ಹೂ ಬಿಡೋದು ಒಂದೇ ಸಲ. ಬಿಟ್ಟ ಮೇಲೆ ಇರಾಕಿಲ್ಲ. ಅವ್ವ ಹೇಳ್ತಿದ್ಲು. ಅವಳೂ ನೋಡಿರಲಿಲ್ಲ, ಅವಳಿಗೆ ಅವರಜ್ಜಿ ಹೇಳಿದ್ದಂತೆ. ನಾನು ಕತೆ ಅಂದ್ಕಂಡಿದ್ದೆ ಕಣೇ, ಮಕ್ಕಳಿಗೆ ಹೇಳೋ ಕತೆ." ಜೀವಮಾನದಲ್ಲಿ ಮೊದಲ ಸಲ ಆ ಹೆಂಗಸಿನ ಮುಖದಲ್ಲಿ ಹೆದರಿಕೆ ನೋಡಿದೆ.

ನನಗೆ ಆಗ ಹೊಳೆಯಿತು. ಮೆಳೆ ಇರೋವರ್ಗೂ ಎಂದಿದ್ದರು ಗೌಡರು. ಮೆಳೆ ಹೋದರೆ ನಾವೆಲ್ಲಿ?

ಆವತ್ತಿನಿಂದ ನಮ್ಮ ಮನೆಯಲ್ಲಿ ಕಾಯಿಲೆ ಬಿದ್ದವರನ್ನು ಇಟ್ಟುಕೊಂಡ ಹಾಗಾಯಿತು. ಸಿದ್ದರಾಜು ಏಣಿ ಹಾಕಿ ಹೂ ಬಿಟ್ಟ ಕೊಂಬೆಗಳನ್ನು ಸವರಿದ. ಸವರಿದ ಕಡೆ ಮತ್ತೆ ಹೂವೇ ಬಂತು. ಬುಡಕ್ಕೆ ಹಟ್ಟಿಗೊಬ್ಬರ ಹಾಕಿದೆವು, ಬೇವಿನ ಹಿಂಡಿ ಹಾಕಿದೆವು. ಅತ್ತೆ ಮಜ್ಜಿಗೆ ಸುರಿದರು. ಮೆಳೆಯ ಕೆಳಗಿರುವ ಮುನೇಶ್ವರನ ಕಲ್ಲಿಗೆ ಕೋಳಿ ಹರಸಿಕೊಂಡರು. ನಾನು ಕಿಚನ್ನಿನಲ್ಲಿ ಅಕ್ಕಿ ತೊಳೆದ ನೀರನ್ನು ಚೆಲ್ಲದೆ ಬಕೆಟ್ಟಿನಲ್ಲಿ ತಂದು ಹಾಕಿದೆ. ನಗಬೇಡಿ, ಕೈ ಕಟ್ಟಿ ಕೂರಲು ಆಗದವರು ಏನೇನೋ ಮಾಡುತ್ತಾರೆ.

ಆಮೇಲೆ ಅತ್ತೆಗೆ ತಂಗಿಯ ನೆನಪಾಯಿತು. ನೆನಪಾದದ್ದೇ ಮುಖ ಅರಳಿತು. "ಅಯ್ಯೋ ನನ್ನ ಬುದ್ಧಿಗಿಷ್ಟು! ಬೈರೀ ಹಿತ್ತಲಲ್ಲಿ ಐತಲ್ಲೇ! ಅಲ್ಲಿಂದ ಗೆಡ್ಡೆ ತಂದು ಈ ಬುಡದ ಪಕ್ಕದಲ್ಲೇ ಊರಾನ. ಇದು ಒಣಗೋ ಹೊತ್ತಿಗೆ ಅದು ಎದ್ದು ಬಂದಿರ್ತದೆ. ಮೆಳೆ ಮೆಳೆನೇ." ಫೋನ್ ಹಚ್ಚಿಕೊಡು ಎಂದರು. ಸ್ಪೀಕರ್ ಹಾಕಿ ಕೊಟ್ಟೆ.

"ಬೈರೀ, ನಿನ್ನ ಮೆಳೆ ಹೆಂಗೈತೆ?"

ಆ ಕಡೆ ರೇಷ್ಮೆ ನೂಲುವ ಮಿಷನ್ನಿನ ಶಬ್ದದ ನಡುವೆ ತಂಗಿಯ ದನಿ. "ಚೆನ್ನಾಗೈತೆ ಕಣಕ್ಕ. ನಿಂದು?"

"ನಂದೂ ಚೆನ್ನಾಗೈತೆ" ಎಂದರು ನಮ್ಮತ್ತೆ, ನನ್ನ ಮುಖ ನೋಡದೆ. ತಂಗಿಯ ಹತ್ತಿರವೂ ಬಿಗುಮಾನ! ಮಾರನೆಯ ದಿನವೇ ಗೋಣಿಚೀಲ, ಹಾರೆ ಹಿಡಿದುಕೊಂಡು ನಾವಿಬ್ಬರೂ ವಿಜಯಪುರದ ಬಸ್ ಹತ್ತಿದೆವು. ಕಂಡಕ್ಟರು ಹಾರೆ ನೋಡಿ "ಏನಮ್ಮಾ, ಯಾರ ಮನೆಗೆ ಕನ್ನ ಹಾಕೋಕೆ ಹೊರಟ್ರಿ?" ಎಂದರೆ ಅತ್ತೆ ನಕ್ಕರು. ಎಷ್ಟೋ ದಿನದ ಮೇಲೆ ನಕ್ಕಿದ್ದು.

ಬೈರಮ್ಮ ಚಿಕ್ಕತ್ತೆ ಬಾಗಿಲಲ್ಲೇ ತಡೆದರು. "ಬಾಕ್ಕ, ಕೂತ್ಕ, ಕಾಫಿ ಕುಡಿ, ಹಿತ್ತಲು ಎಲ್ಲಿಗೆ ಹೋಗ್ತದೆ" ಎಂದು ಸೋಫಾ ಮೇಲೆ ಕೂರಿಸಲು ನೋಡಿದರು. ಅತ್ತೆ ಅವರ ಕೈ ಬಿಡಿಸಿಕೊಂಡು ಸೀದಾ ಹಿತ್ತಲ ಬಾಗಿಲು ತೆಗೆದರು.

ಒಂದು ಎಲೆಯಿರಲಿಲ್ಲ. ತುದಿಯಿಂದ ಬುಡದವರೆಗೆ ಅದೇ ಗೊಂಚಲು, ಅದೇ ಮಂಕು ಬಣ್ಣ. ಕೆಳಗೆ ಉದುರಿದ ಬಿದಿರಕ್ಕಿಯನ್ನು ಕೋಳಿಗಳು ಹೆಕ್ಕುತ್ತಿದ್ದವು. ಅತ್ತೆ ಕೈಯಲ್ಲಿದ್ದ ಹಾರೆಯನ್ನು ಊರಿಕೊಂಡು ನಿಂತುಬಿಟ್ಟರು.

"ಚೆನ್ನಾಗೈತೆ ಅಂದೆಯಲ್ಲೇ ಬೈರೀ."

"ನೀನೂ ಹಂಗೇ ಅಂದೆಯಲ್ಲಕ್ಕ. ನಿಂದು ಚೆನ್ನಾಗೈತೆ ಅಂತ ನಂಬ್ಕಂಡು, ಹಬ್ಬ ಆದ್ಮೇಲೆ ಬಂದು ಗೆಡ್ಡೆ ಇಸ್ಕಳಾನ ಅಂತ ನಾನೇ ಇದ್ದೆ." ಚಿಕ್ಕತ್ತೆ ಅತ್ತುಬಿಟ್ಟರು. "ನಂದಗುಡಿಗೂ ಫೋನ್ ಮಾಡಿಸ್ದೆ. ಅಲ್ಲಿ ಅವ್ವನ ತವರು ಮೆಳೇನೂ ಹಿಂಗೇ ಆಗೈತಂತೆ."

ಒಬ್ಬರನ್ನೊಬ್ಬರು ನಂಬಿಕೊಂಡು ಕೂತಿದ್ದ ಅಕ್ಕತಂಗಿ ಆ ಮೆಳೆಯ ಕೆಳಗೆ ಕೂತು ಅತ್ತದ್ದನ್ನು ನಾನು ನೋಡಲಾರದೆ ಒಳಗೆ ಬಂದೆ. ಕಾಫಿ ಆರಿತ್ತು. ಬರುವಾಗ ಬಸ್ಸಿನಲ್ಲಿ ಖಾಲಿ ಗೋಣಿಚೀಲವನ್ನು ಅತ್ತೆ ಮಡಚಿ ಮಡಚಿ ತೊಡೆ ಮೇಲೆ ಇಟ್ಟುಕೊಂಡಿದ್ದರು.

ಮುಚ್ಚಿಡುವುದು ಎಷ್ಟು ದಿನ ನಡೆಯುತ್ತದೆ? ಸಿಂಚನ ಬೆಂಗಳೂರಿನಿಂದ ಬಂದವಳು ಗೇಟಿನಲ್ಲೇ ಕಾರು ನಿಲ್ಲಿಸಿ ಓಡಿಬಂದಳು. "ಅಜ್ಜೀ, ಹೂ!" ಎಂದು ಕೂಗಿದಳು. ಆ ಹುಡುಗಿಯ ಕಣ್ಣಲ್ಲಿ ಖುಷಿಯೂ ಇತ್ತು, ನೀರೂ ಇತ್ತು. ಅದಕ್ಕೇ ನನಗೆ ಅವಳನ್ನು ಬೈಯಲು ಬಾಯಿ ಬರಲಿಲ್ಲ. ಅತ್ತೆ ಅವಳ ಕೈ ಹಿಡಿದು, "ಓದಿರೋಳು ನೀನು, ಇದಕ್ಕೇನಾದ್ರೂ ಔಷಧಿ ಐತಾ ತಾಯಿ?" ಎಂದು ಕೇಳಿದರು.

ಸಿಂಚನ ಯಾರ್ಯಾರಿಗೋ ಫೋನ್ ಮಾಡಿದಳು. ಅರಣ್ಯ ಇಲಾಖೆಯವರು, ಕಾಲೇಜಿನ ಮೇಷ್ಟ್ರು, ಕೇರಳದಲ್ಲಿ ಬಿದಿರಿನ ಕೆಲಸ ಮಾಡುವ ಸ್ನೇಹಿತರು. ಸಂಜೆ ಬಂದು ಅತ್ತೆಯ ಪಕ್ಕದಲ್ಲಿ ಜಗಲಿ ಮೇಲೆ ಕೂತಳು. "ಇಲ್ಲ ಅಜ್ಜಿ. ಔಷಧಿ ಇಲ್ಲ. ಎಲ್ಲಾ ಒಂದೇ ಗೆಡ್ಡೆಯಿಂದ ಬಂದಿದ್ದಲ್ವಾ? ಎಲ್ಲಿ ನೆಟ್ಟರೂ ಅದರ ವಯಸ್ಸು ಒಂದೇ. ಒಟ್ಟಿಗೇ ಹೂ ಬಿಡುತ್ತೆ, ಒಟ್ಟಿಗೇ ಹೋಗುತ್ತೆ. ಇನ್ನು ಬೀಜದಿಂದಲೇ ಬರಬೇಕು."

"ಬೀಜದಿಂದ ಮೆಳೆ ಆಗೋಕೆ?"

"ಹತ್ತು ಹನ್ನೆರಡು ವರ್ಷ ಬೇಕು ಅಜ್ಜಿ, ಈ ಥರ ಆಗೋಕೆ."

ಅತ್ತೆ ತಲೆಯಾಡಿಸಿದರು. ಅಕ್ಕತಂಗಿಯರು ಗೆಡ್ಡೆ ಹಂಚಿಕೊಂಡು ಕಾಪಾಡಿದ್ದೇವೆ ಎಂದುಕೊಂಡಿದ್ದರು. ಹಂಚಿಕೊಂಡದ್ದು ಒಂದೇ ಆಯಸ್ಸನ್ನು ಎಂದು ಆ ಪಾಪದವರಿಗೆ ಯಾರು ಹೇಳಬೇಕಿತ್ತು?

ಇದಾದ ಮೇಲೆ ಜಾತ್ರೆ ಶುರುವಾಯಿತು. ಬಿದಿರು ಹೂ ಬಿಡುವುದು ಎಪ್ಪತ್ತು ಎಂಬತ್ತು ವರ್ಷಕ್ಕೊಮ್ಮೆ ಎಂದು ಯಾರೋ ಫೋನಿನಲ್ಲಿ ಹಾಕಿದರು. ಲಾಡ್ಜು ತುಂಬಿಹೋಯಿತು. ಶನಿವಾರ ಭಾನುವಾರ ಕಾಲಿಡಲು ಜಾಗವಿಲ್ಲ. ಮೆಳೆಯ ಕೆಳಗೆ ನಿಂತು ಫೋಟೋ, ಗೊಂಚಲು ಹಿಡಿದು ಫೋಟೋ, ಅತ್ತೆಯನ್ನು ಪಕ್ಕಕ್ಕೆ ಎಳೆದುಕೊಂಡು ಫೋಟೋ. "ಅಜ್ಜೀ, ಸ್ಮೈಲ್ ಮಾಡಿ. ನೀವೆಷ್ಟು ಲಕ್ಕಿ, ಇದನ್ನ ನೋಡೋಕೆ ಪುಣ್ಯ ಮಾಡಿರಬೇಕು" ಎಂದಳು ಒಬ್ಬಳು. ಅತ್ತೆ ನಕ್ಕರು ಕೂಡ. ನಾನು ಕಿಟಕಿಯಲ್ಲಿ ನಿಂತು ಹಲ್ಲು ಕಡಿದೆ. ಅವಳ ತಪ್ಪಾದರೂ ಏನು, ಅವಳಿಗೇನು ಗೊತ್ತು.

ಆಮೇಲೆ ಮ್ಯಾನೇಜರು ಬಂದು, ಬಿದಿರಕ್ಕಿ ಪಾಯಸವನ್ನು ಮೆನುಗೆ ಸೇರಿಸೋಣ ಎಂದರು. ಉದುರಿದ ಅಕ್ಕಿಯನ್ನು ಗುಡಿಸಿ, ಮೊರದಲ್ಲಿ ಕೇರಿ, ಹೊಟ್ಟು ತೆಗೆದುಕೊಟ್ಟವರು ನಮ್ಮತ್ತೆಯೇ. ಬೆಲ್ಲ ಹಾಕಿ, ಕಾಯಿಹಾಲು ಹಾಕಿ ಮಾಡಿದವಳು ನಾನೇ. ಗೆಸ್ಟುಗಳು ಎರಡೆರಡು ಸಲ ಹಾಕಿಸಿಕೊಂಡರು. ಒಂದು ಬಟ್ಟಲು ತಂದು ಅತ್ತೆಯ ಮುಂದಿಟ್ಟೆ. "ನಂಗೆ ಬೇಡ ಕಣೇ" ಎಂದು ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. ನಾನೂ ತಿನ್ನಲಿಲ್ಲ.

ಹೂ ಮುಗಿದ ಮೇಲೆ ಮೆಳೆ ಪೂರ್ತಿ ಒಣಗಿತು. ಗಾಳಿ ಬೀಸಿದರೆ ಮೊದಲಿನ ಹಾಗೆ ಕಿರುಗುಟ್ಟದೆ ಕಟಕಟ ಎನ್ನುತ್ತಿತ್ತು. ಅಕ್ಕಿಗೆ ಇಲಿಗಳು ಬಂದವು. ಒಂದು ಮಧ್ಯಾಹ್ನ ಕೆಂಪರಾಜು ಬಂದು ಜಗಲಿ ಮೇಲೆ ಕೂತರು. ಯಾವತ್ತೂ ಕೂರದವರು.

"ಸಪ್ಪಲಮ್ಮ, ಅಪ್ಪನ ಮಾತು ನಾನು ಮೀರಲ್ಲ. ಆದ್ರೆ ನೀನೇ ಹೇಳು, ಇದಕ್ಕೊಂದು ಸಿಗರೇಟಿನ ಕಿಡಿ ಬಿದ್ರೆ ಏನುಳಿಯುತ್ತೆ? ಇಲ್ಲಿರೋದೆಲ್ಲಾ ಬಿದಿರೇ. ಒಳಗೆ ಜನ ಮಲಗಿರ್ತಾರೆ. ಕಡೀಲೇಬೇಕು."

"ಹೂಂ" ಎಂದರು ಅತ್ತೆ.

"ಕಡಿದ್ಮೇಲೆ..." ಎಂದು ಕೆಂಪರಾಜು ನಿಲ್ಲಿಸಿದರು. ಕರ್ಚೀಫಿನಿಂದ ಮುಖ ಒರೆಸಿಕೊಂಡರು. "ಈ ಜಾಗದ ಮೇಲೆ ಪಾರ್ಟ್‌ನರ್‌ಗಳ ಕಣ್ಣು ಮೊದಲಿಂದ ಇದೆ, ಸ್ವಿಮ್ಮಿಂಗ್ ಪೂಲ್ ಮಾಡಬೇಕು ಅಂತ. ಮೆಳೆ ಇದೆ, ಅಪ್ಪನ ಮಾತಿದೆ ಅಂತ ಹೇಳಿ ಹೇಳಿ ಅವರ ಬಾಯಿ ಮುಚ್ಚಿಸಿದ್ದೆ. ಇನ್ನೇನು ಹೇಳಲಿ? ನಾನೊಬ್ಬನೇ ಅಲ್ಲ ಇಲ್ಲಿ. ಇವರಿಬ್ಬರ ಕೆಲಸಕ್ಕೆ ಏನೂ ತೊಂದರೆ ಇಲ್ಲ. ಇರೋಕೆ ಎಲ್ಲಾದ್ರೂ ಒಂದು ರೂಮು ನೋಡ್ಕೊಳ್ಳಿ."

ಸಿದ್ದರಾಜು ಬಾಯಿ ಬಿಡಲಿಲ್ಲ, ಅವನು ಯಾವತ್ತು ಬಿಟ್ಟಿದ್ದಾನೆ? ನನಗೆ ತಡೆಯಲಾಗಲಿಲ್ಲ. "ಅಲ್ಲ ಸಾರ್, ನಿಮ್ಮ ಕಾಟೇಜಿನ ಕಂಬ ಯಾವ ಮೆಳೇದು? ಬಾಗಿಲು, ತಡಿಕೆ, ಮಂಚ ಯಾವ ಮೆಳೇದು? ಅದೆಲ್ಲಾ ನಿಂತಿದೆ ಅಂದ್ರೆ ಮೆಳೆ ಇದೆ ಅಂತಾನೇ ಅಲ್ವಾ? ನಾವ್ಯಾಕೆ ಹೋಗಬೇಕು?"

ಕೆಂಪರಾಜು ತಲೆ ತಗ್ಗಿಸಿದರು. ಇನ್ನೊಂದು ಮಾತು ಆಡಿದ್ದರೆ ಆ ಮನುಷ್ಯ ಒಪ್ಪಿಬಿಡುತ್ತಿದ್ದರೇನೋ ಎಂದು ನನಗೆ ಈಗಲೂ ಅನ್ನಿಸುತ್ತದೆ. ಅಷ್ಟರಲ್ಲಿ ಅತ್ತೆಯೇ ನನ್ನ ಬಾಯಿ ಮುಚ್ಚಿಸಿದರು.

"ಕಡಿದ ಬಿದಿರು ಮೆಳೆ ಅಲ್ಲ ಕಣೇ. ಬೇರು ಇದ್ರೆ ಮೆಳೆ. ದೊಡ್ಡೋರು ಅಂದಿದ್ದು ಅದನ್ನೇ, ನಾನು ಒಪ್ಕಂಡಿದ್ದೂ ಅದನ್ನೇ. ತಿರುಚಬೇಡ."

ಅಯ್ಯೋ, ಆ ನಿಯತ್ತಿಗೆ ಬೆಂಕಿ ಹಾಕ! ಆ ಹೊತ್ತಿನಲ್ಲಿ ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ. ಯಾರ ಮೇಲಾದರೂ ಕೂಗಾಡೋಣ ಎಂದರೆ ಯಾರಿದ್ದಾರೆ? ಗೌಡರು ಮೋಸ ಮಾಡಲಿಲ್ಲ. ಮಗ ಮಾತು ತಪ್ಪಲಿಲ್ಲ. ಸಿಂಚನ ಅತ್ತಳು. ಬಿದಿರು ತನ್ನ ವಯಸ್ಸಾದಾಗ ಹೂ ಬಿಟ್ಟಿತು. ಬೈಯಲು ಒಬ್ಬರೂ ಸಿಗದೆ ಒಳಗೆ ಹೋಗಿ ಒಲೆಯ ಮುಂದೆ ಕೂತು ಅತ್ತುಬಿಟ್ಟೆ.

ಜೆಸಿಬಿ ತರಿಸುತ್ತೇವೆ ಎಂದರು. "ನಮ್ಮವ್ವ ನೆಟ್ಟಿದ್ದು, ನಾನೇ ಕಡೀತೀನಿ" ಎಂದು ಅತ್ತೆ ಮಚ್ಚು ಮಸೆದರು. ಅವರೂ ಸಿದ್ದರಾಜುನೂ ಸೇರಿ ಕಡಿಯುತ್ತಾ ಬಂದರು. ಪ್ರತಿ ಗಳವನ್ನೂ ಅತ್ತೆ ಮೊದಲು ತಟ್ಟುವರು. ಹೂ ಬಿಟ್ಟು ಸತ್ತ ಬಿದಿರು, ಬರೀ ಪೊಳ್ಳು ಸದ್ದು, ಕಟ್ಟಡಕ್ಕೂ ಬಾರದು. ಆದರೂ ತಟ್ಟಿಯೇ ಕಡಿಯುವರು. ದಿನಾ ಸಂಜೆ ನಾನು ಮೆಳೆ ಎಷ್ಟು ಉಳಿದಿದೆ ಎಂದು ನೋಡುತ್ತಿದ್ದೆ. ಅವರು ಕಡಿದಷ್ಟೂ ನಾವು ಇಲ್ಲಿರುವ ದಿನ ಕಮ್ಮಿಯಾಗುತ್ತಿತ್ತು. ಕಡಿಯುತ್ತ ಕಡಿಯುತ್ತ ನಟ್ಟನಡುವಿನ ಒಂದು ಗಳವನ್ನು ಅತ್ತೆ ಹಾಗೇ ಬಿಟ್ಟರು.

ಆ ಒಂಟಿ ಗಳ ನಿಂತಿತ್ತು, ನಾವೂ ಇದ್ದೆವು. ಕೆಂಪರಾಜು ಕಾರಿನಲ್ಲಿ ಹೋಗುವಾಗ ಅದನ್ನು ನೋಡುವರು, ಏನೂ ಅನ್ನುವುದಿಲ್ಲ. ಮ್ಯಾನೇಜರು ಒಂದು ಸಲ ಏನೋ ಹೇಳಲು ಬಂದರೆ ಕೆಂಪರಾಜುವೇ ಸನ್ನೆ ಮಾಡಿ ಕಳಿಸಿದರು. ಈ ವರ್ಷದ ಯುಗಾದಿಯನ್ನೂ ಅಲ್ಲೇ ಮಾಡಿದೆವು. ಬೇವಿನ ಸೊಪ್ಪನ್ನು ಬಾಗಿಲಿಗೆ ಕಟ್ಟಿದ ಮೇಲೆ ಅತ್ತೆ ಒಂದು ಎಸಳನ್ನು ಆ ಗಳಕ್ಕೂ ಸಿಕ್ಕಿಸಿ ಬಂದರು. ಹೀಗೇ ನಡೆದುಬಿಡಬಹುದು ಎಂದು ನನಗೆ ಆಸೆ ಹುಟ್ಟಿತ್ತು, ಸುಳ್ಳು ಹೇಳಲಾರೆ.

ಮುಂಗಾರಿಗೆ ಮುಂಚಿನ ಮೊದಲ ಗಾಳಿಮಳೆ ಬಂತು. ಸಂಜೆ ಆಲಿಕಲ್ಲು ಬಿದ್ದು ನಿಂತ ಮೇಲೆ ಬಾಗಿಲು ತೆಗೆದರೆ ಗಳ ನೆಲದ ಮೇಲೆ ಉದ್ದಕ್ಕೆ ಬಿದ್ದಿತ್ತು. ಬುಡದಲ್ಲೇ ಮುರಿದಿತ್ತು. ನೋಡಿದವರು ನಾವು ಮೂವರೇ.

"ಎತ್ತಿ ನಿಲ್ಸಿ ಕಟ್ಟಿಬಿಡ್ಲಾ ಅವ್ವ?" ಎಂದ ಸಿದ್ದರಾಜು. ಮೊದಲ ಸಲ ಅವನ ಬಾಯಲ್ಲಿ ಒಂದು ಉಪಯೋಗದ ಮಾತು ಬಂದಿತ್ತು.

ಅತ್ತೆ ಕಾಲಿಗೆ ಚಪ್ಪಲಿ ಹಾಕಿಕೊಂಡರು. "ನಾನು ಹೋಗಿ ಕೆಂಪರಾಜಪ್ಪಂಗೆ ಹೇಳಿ ಬರ್ತೀನಿ."

"ಒಂದೆರಡು ದಿನ ಸುಮ್ಮನಿರಿ ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ."

"ಅವರು ಮಾತು ಉಳಿಸ್ಕಂಡ್ರಲ್ಲೇ. ನಾನೂ ಉಳಿಸ್ಕಬೇಡ್ವಾ?" ಎಂದು ಕೆಸರಿನಲ್ಲಿ ಕಾಲೆಳೆದುಕೊಂಡು ಆಫೀಸಿನ ಕಡೆಗೆ ಹೋದರು.

ಈಗ ನಾವು ವಿಜಯಪುರದಲ್ಲಿ ಚಿಕ್ಕತ್ತೆಯ ಮನೆಯ ಹಿಂದೆ ಒಂದು ಬಾಡಿಗೆ ಶೀಟಿನ ರೂಮಿನಲ್ಲಿದ್ದೇವೆ. ನಾನೂ ಸಿದ್ದರಾಜುನೂ ಬೆಳಗಿನ ಬಸ್ಸಿಗೆ ಲಾಡ್ಜಿಗೆ ಬಂದು ಸಂಜೆ ವಾಪಸ್. ಅತ್ತೆ ಮನೆಯಲ್ಲಿ ಕೂತಿರುತ್ತಾರೆ. ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ಒಂದು ಹಿಡಿ ಬಿದಿರಕ್ಕಿಯನ್ನು ಪೇಂಟ್ ಡಬ್ಬದಲ್ಲಿ ಹಾಕಿದ್ದರು. ಒಂದೆರಡು ಹುಲ್ಲಿನ ಹಾಗೆ ಎದ್ದವು, ಓನರ್ ಮನೆಯ ಮೇಕೆ ತಿಂದಿತು. ಮತ್ತೆ ಹಾಕಲಿಲ್ಲ.

ಸ್ವಿಮ್ಮಿಂಗ್ ಪೂಲಿನ ಪೂಜೆಗೆ ಸಿಂಚನ ತಾನೇ ಬಂದು ಅತ್ತೆಯನ್ನು ಕಾರಿನಲ್ಲಿ ಕರೆದುಕೊಂಡು ಹೋದಳು. ಹಬ್ಬದ ಸೀರೆ ಉಟ್ಟಿದ್ದರು ಅತ್ತೆ. ನಮ್ಮ ಗುಡಿಸಲು ಇದ್ದ ಕಡೆ ನೀಲಿ ನೀರು. ಮೆಳೆ ಇದ್ದ ಕಡೆ ಗಟ್ಟಿ ನೆಲ, ಅದರ ಸುತ್ತ ಬೇಲಿಗೆ ಬಿದಿರು ಗಳಗಳು ಸಾಲಾಗಿ ನಿಂತಿದ್ದವು, ಹಳದಿ ಹಸಿರು ಬಣ್ಣ, ಗಿಣ್ಣು ಗಿಣ್ಣೂ ಸರಿಯಾಗಿ. ಸಿಮೆಂಟಿನವು. ನೀರಿನ ಪಕ್ಕ ನಿಜದ ಬಿದಿರು ತಾಳುವುದಿಲ್ಲವೆಂದು ಪಾರ್ಟ್‌ನರ್‌ಗಳು ಮಾಡಿಸಿದ್ದು. ಗಿಣ್ಣುಗಳಿಗೆ ಬಣ್ಣ ಬಳಿದವನು ಸಿದ್ದರಾಜು. ಅದನ್ನು ಅವನು ಅವ್ವನಿಗೆ ಹೇಳಿರಲಿಲ್ಲ.

ಅತ್ತೆ ಅವುಗಳ ಹತ್ತಿರ ಹೋದರು. ಅಭ್ಯಾಸ ನೋಡಿ, ಬೆರಳು ಮಡಚಿ ಒಂದನ್ನು ತಟ್ಟಿದರು. ಸದ್ದು ಬರಲಿಲ್ಲ. ಪಕ್ಕದ್ದನ್ನು ತಟ್ಟಿದರು, ಅದರಲ್ಲೂ ಬರಲಿಲ್ಲ. ಸಿದ್ದರಾಜು ಮುಖ ಆ ಕಡೆ ತಿರುಗಿಸಿ ನಿಂತ. ನಾನು ಓಡಿಹೋಗಿ ಅತ್ತೆಯ ತೋಳು ಹಿಡಿದುಕೊಂಡೆ.

"ಸಿಮೆಂಟಾ?" ಎಂದು ಕೇಳಿದರು.

"ಹೂಂ ಅತ್ತೆ."

"ಹಂಗಾದ್ರೆ ಇದು ಹೂ ಬಿಡಲ್ಲ."

"ಇಲ್ಲ."

ಅತ್ತೆ ಆ ಗಳದ ಮೇಲಿಂದ ಕೈ ತೆಗೆಯದೆ, "ಗೌಡ್ರತ್ರ ನಾನು ಇದರ ಮೇಲೆ ಮಾತು ಇಸ್ಕಬೇಕಾಗಿತ್ತು ಕಣೇ ಶಿಲ್ಪ" ಎಂದರು.